ಗ್ರುಮೊಕನ ಮನೆತನದ ಸಂತ

ಕೆಂಪು ದೊಣ್ಣೆಮೆಣಸಿನಕಾಯಿ ಸುಡುವ ಕಾಲ, ಮಧ್ಯಾಹ್ನ ನಾಲ್ಕು ಗಂಟೆ. ದಾಳ ಉರುಳಿಸಿ ಕಥೆ ಕಟ್ಟುವ ತನ್ನ ಆಟಕ್ಕೆ ಪಕ್ಕದ ಮನೆಯ ಮೇಷ್ಟ್ರು ವ್ಲಾದೆತ ನನ್ನನ್ನೂ ಕೂರಿಸಿಕೊಂಡ. ಆಡುವವನು ತನ್ನ ಪಾತ್ರದ ಕುಲ, ಹಿನ್ನೆಲೆ ಎಲ್ಲವನ್ನೂ ತಾನೇ ಆರಿಸಬೇಕಂತೆ. ನಾನು ಅರೆರಾಕ್ಷಸನನ್ನು ಆರಿಸಿ ಗ್ರುಮೊಕ ಎಂದು ಹೆಸರಿಟ್ಟೆ. ಪಾತ್ರದ ಹಾಳೆಯಲ್ಲಿ ಹಿನ್ನೆಲೆಯ ಜಾಗಕ್ಕೆ ‘ರಾದಿಸಾವನ ಸಾಕುಮಗ, ಮನೆತನದ ಸಂತ ಲೂಕ’ ಎಂದು ನಿಧಾನವಾಗಿ ಬರೆದೆ. ರಾದಿಸಾವ ಅಂದರೆ ನಾನೇ.

“ರಾಕ್ಷಸರಿಗೆಲ್ಲಿಯ ಸಂತ, ಚಿಕ್ಕಪ್ಪಾ? ಕೊಡಲಿ ಬರಿ, ಕೋರೆಹಲ್ಲು ಬರಿ!” ಎಂದ ವ್ಲಾದೆತ.

“ಕೋರೆಹಲ್ಲು ಹುಟ್ತಾನೇ ಬಂದಿರುತ್ತೆ ಕಣೋ. ಸಂತನ್ನ ಅಪ್ಪನೇ ಕೊಡ್ಬೇಕು.”

ನಮ್ಮಲ್ಲಿ ಮನೆತನದ ಸಂತ ತಂದೆಯಿಂದ ಮಗನಿಗೆ ಬರುತ್ತಾನೆ. ನನಗೆ ಮಕ್ಕಳಿಲ್ಲ. ನನ್ನ ನಂತರ ಲೂಕನಿಗೆ ಮೇಣದಬತ್ತಿ ಹಚ್ಚುವವರಿಲ್ಲ. ವ್ಲಾದೆತ ನನ್ನ ಮುಖ ನೋಡಿ ಹಾಳೆಗೆ ರುಜು ಹಾಕಿದ.

ಸಂತನ ದಿನಕ್ಕೆ ಮನೆಗೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಗೊತ್ತಿದ್ದವರು ಬರುತ್ತಾರೆ. ಪ್ರತಿವರ್ಷ ಮೂವರು ಬರುತ್ತಿದ್ದರು, ಈ ಸಲ ನನಗೆ ಸಾಕುಮಗ ಬಂದ ಸುದ್ದಿ ಹಬ್ಬಿ ಇಪ್ಪತ್ತಾರು ಜನ ಬಂದರು. ವಿಧವೆ ಸ್ತಾಮೆಂಕ, ನಾನು ಗ್ರುಮೊಕನಿಗೆಂದು ಇಟ್ಟ ಖಾಲಿ ಕುರ್ಚಿ ನೋಡಿ ಕೇಳಿದಳು:

“ಎಲ್ಲಪ್ಪಾ ನಿನ್ನ ಮಗ?”

“ಕಾಡಲ್ಲಿದಾನೆ.”

“ಹೆಣ್ಣು ನೋಡಿದ್ಯಾ?”

“ಹಲ್ಲು ಸ್ವಲ್ಪ ಉಬ್ಬು ಕಣಮ್ಮಾ.”

“ಅಯ್ಯೋ, ನಮ್ಮೆಜಮಾನ್ರದ್ದೂ ಹಂಗೇ ಇತ್ತು!”

ಪಾದ್ರಿ ಹಬ್ಬದ ರೊಟ್ಟಿ ಹಿಡಿದು, ಜೊತೆಗೆ ಹಿಡಿದು ಮುರಿಯಲು ಮಗ ಬಂದು ಕೈ ಕೊಡಲಿ ಎಂದರು. ವ್ಲಾದೆತ ಎದ್ದು ತನ್ನ ಇಪ್ಪತ್ತು ಮುಖದ ದಾಳ ಉರುಳಿಸಿದ.

“ಇಪ್ಪತ್ತು! ಗ್ರುಮೊಕ ಹಿಡಿದ, ಸ್ವಾಮಿ!”

ಪಾದ್ರಿ ಬಗ್ಗಿ ದಾಳ ನೋಡಿ ರೊಟ್ಟಿ ಮುರಿದರು.

ಗ್ರುಮೊಕ ಗುರುವಾರದ ಆಟದಲ್ಲಿ ಡ್ರ್ಯಾಗನ್ನಿನ ಗುಹೆಗೆ ಹೊರಟ. ಅವನ ಚೀಲದಲ್ಲಿ ಏನೇನಿದೆ ಎಂಬ ಪಟ್ಟಿಯಲ್ಲಿ, ಕೊಡಲಿಗಿಂತ ಮೇಲೆ, ಒಂದು ಮೇಣದಬತ್ತಿ ಇದೆ.