ಕಡೇ ಕೈ ಬೀಳದ ಬೆಂಚು

"ಅದನ್ನ ಒಯ್ಯಬ್ಯಾಡ್ರಿ! ಪಾಲೀಶಿನ ಕಡೇ ಕೈ ಇನ್ನೂ ಬಿದ್ದಿಲ್ಲ, ನೀರ ಹತ್ತಿದ್ರ ಕೆಡತೈತಿ." ಬಡಿಗ ಅಲ್ಲಪ್ಪ ಓಡಿಬಂದು ಬೆಂಚಿನ ಒಂದು ತುದಿ ಹಿಡಿದ. ಇನ್ನೊಂದು ತುದಿ ಆಗಲೇ ಕರೆವ್ವನ ಕೈಯಲ್ಲಿತ್ತು.

ಅಂಗಳದಲ್ಲಿ ಹಂಡೆಯ ನೀರು ಕಾದಿತ್ತು. ಬೆಳಿಗ್ಗೆ ಎದೆ ಹಿಡಿದುಕೊಂಡು ತೀರಿಹೋದ ಅವಳ ಗಂಡ ಸತ್ತೆಪ್ಪನನ್ನು ಮಣ್ಣಿಗೆ ಒಯ್ಯುವ ಮೊದಲು ಕೂರಿಸಿ ಮೈ ತೊಳೆಯಬೇಕಿತ್ತು.

"ಅವರ ಕೈಲೇ ಪಾಲೀಶ್ ಮಾಡಿದ್ದು. ಅದರ ಮ್ಯಾಲೇ ಕುಂದರ್ಲಿ."

"ಕಲ್ಲಿನ ಮ್ಯಾಲ ಕುಂದರಸೂಣ, ವೈನಿ. ಬೆಂಚು ಗಿರಾಕಿದು."

"ಗಿರಾಕಿದೋ, ನಿಂದೋ? ಹೆಣ ಇನ್ನೂ ಎತ್ತಿಲ್ಲ, ಸಾಮಾನ ಸಾಗಸಾಕ ನಿಂತಿ!"

"ಗೆಳ್ಯಾ ಹೋದ ಅಂತ ಅಳೂದು ಬಿಟ್ಟು ಬೆಂಚಿಗೆ ಅಳಾಕತ್ತಾನ ನೋಡು," ಎಂದಳು ನೆರೆಮನೆಯ ಫಕೀರವ್ವ.

ಗಿರಾಕಿ ಬಾಳೇಶ ಕಟ್ಟೆಯ ಮೇಲೇ ಕುಳಿತಿದ್ದ. ಸುದ್ದಿ ಕೇಳಿ ಹುಕ್ಕೇರಿಯಿಂದ ಮೂಡಲಗಿಗೆ ಬಂದವನು. ಮಗಳಿಗೆಂದು ಸಾಗವಾನಿಯ ಮಂಚ, ಬೆಂಚು ಮಾಡಲು ಹೇಳಿದ್ದ. ಮಂಚ ಮನೆ ಸೇರಿತ್ತು, ಬೆಂಚು ಉಳಿದಿತ್ತು.

"ಕುಂದರಸ್ರಿ ಅಕ್ಕಾ. ನಮಗ ಅಲ್ಲಪ್ಪ ಬ್ಯಾರೆ ಮಾಡಿ ಕೊಡ್ತಾನ," ಎಂದ ಬಾಳೇಶ.

ಅಲ್ಲಪ್ಪ ಕೈ ಬಿಟ್ಟ.

*

ಗೋಕಾಕದಿಂದ ಕಣಗಲಾವರೆಗೆ ಎಷ್ಟೋ ಮನೆಗಳ ಬಾಗಿಲಿಗೆ ಸತ್ತೆಪ್ಪನ ಪಾಲೀಶಿನ ಕೈ ತಾಗಿತ್ತು. ತಿಕ್ಕಿ ನುಣುಪಾದ ಹಲಗೆಯ ಮೇಲೆ ಒದ್ದೆ ಅರಿವೆ ಎಳೆದರೆ ಗೆರೆಗಳು ಎದ್ದು ಬರುತ್ತಿದ್ದವು. ಆಗ ಕರೆವ್ವನನ್ನು ಕೂಗಿ ತೋರಿಸುತ್ತಿದ್ದ: "ಗೆರಿ ಮರದ್ದು. ನಾ ಬರೇ ಎಬ್ಬಸ್ತೇನಿ."

ಈ ಮಾತನ್ನು ಅವಳು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಈ ಬೇಸಿಗೆಯಿಂದ ಅವನು ಬಾಗಿಲು ಹಾಕಿಕೊಂಡು ಕೆಲಸ ಮಾಡತೊಡಗಿದ. "ಧೂಳ ಕುಂದರತೈತಿ," ಎಂದ. ಒಂದು ದಿನ ಅವಳ ಹಳೆಯ, ನಡುವೆ ಹಲ್ಲು ಮುರಿದ ಬಾಚಣಿಕೆ ಇಸಿದುಕೊಂಡ, ಯಾಕೆಂದು ಕೇಳಿದರೆ ನಕ್ಕ. ಆ ಸಂಜೆ ಮುಚ್ಚಿದ ಬಾಗಿಲಾಚೆ ಅಲ್ಲಪ್ಪನ ದನಿ ಕೇಳಿತು: "ಬಾಳೇಶಗ ತಿಳಿದ್ರ?" ಗಂಡನ ಉತ್ತರ ಕೇಳಿಸಲಿಲ್ಲ. ಕಟ್ಟಿಗೆ ತರುವವನು ಅಲ್ಲಪ್ಪ. ಮೋಸವಿದ್ದರೆ ಅವನದೇ ಎಂದು ಅವಳು ಅಂದೇ ಗಟ್ಟಿ ಮಾಡಿಕೊಂಡಳು.

*

ಮೊದಲ ತಂಬಿಗೆಯ ಬಿಸಿನೀರು ಸತ್ತೆಪ್ಪನ ಹೆಗಲಿನಿಂದ ಇಳಿದು ಬೆಂಚಿನ ಮೇಲೆ ಹರಿಯಿತು. ಆಮೇಲೆ ಸಾಬೂನಿನ ನೊರೆ. ಅಂಚಿನಿಂದ ತೊಟ್ಟಿಕ್ಕಿದ ನೀರು ಕಂದಾಗಿತ್ತು.

ಕರೆವ್ವ ಬಗ್ಗಿ ನೋಡಿದಳು. ಸಾಗವಾನಿಯ ಗೆರೆಗಳು ಕದಡಿ ಇಳಿಯುತ್ತಿದ್ದವು. ಅಡಿಯಲ್ಲಿ ಮಾವಿನ ಹಲಗೆ ಬೆಳ್ಳಗೆ ಕಾಣುತ್ತಿತ್ತು. ನೀರು ತಾಗದ ಮೂಲೆಯಲ್ಲಿ ಗೆರೆಗಳು ಇನ್ನೂ ಸಾಲಾಗಿದ್ದವು, ಬಾಚಣಿಕೆಯ ಹಲ್ಲುಗಳಷ್ಟೇ ಅಂತರದಲ್ಲಿ. ನಡುವೆ ಹಲ್ಲು ಮುರಿದಲ್ಲಿ ಖಾಲಿ.

ತಲೆಯೆತ್ತಿದಾಗ ಅಲ್ಲಪ್ಪ ಪಕ್ಕದಲ್ಲೇ ಇದ್ದ.

"ಅವಂಗೂ ಬ್ಯಾಡಂದಿದ್ದೆ, ವೈನಿ," ಎಂದ, ಅವಳಿಗಷ್ಟೇ ಕೇಳುವಂತೆ.

ಖರೆಯೋ, ಸತ್ತವನ ಮೇಲೆ ಹೊರಿಸುತ್ತಿದ್ದಾನೋ? ಅವಳು ಅವನ ಮುಖವನ್ನೇ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ.

ಗಂಡಸರು ಹೆಣವನ್ನೆತ್ತಿ ಒಳಗೆ ಒಯ್ದರು. ಬೆಂಚು ಬರಿದಾಯಿತು. ಬಾಳೇಶ ಹಾರ ಹಿಡಿದುಕೊಂಡು ಕಟ್ಟೆಯಿಂದ ಇಳಿದು ಇತ್ತಲೇ ಬರುತ್ತಿದ್ದ.

ಕರೆವ್ವ ಸೆರಗು ಹರವಿ ಒದ್ದೆ ಬೆಂಚಿನ ಮೇಲೆ ಕುಳಿತುಬಿಟ್ಟಳು.

"ಏಳ ತಂಗಿ, ಹೊತ್ತಾಗಾಕತ್ತೈತಿ," ಎಂದು ಫಕೀರವ್ವ ರಟ್ಟೆ ಹಿಡಿದೆಳೆದಳು. ಕರೆವ್ವ ಎರಡೂ ಕೈಯಿಂದ ಅಂಚು ಬಿಗಿಹಿಡಿದಳು.

"ಬಿಡ್ರಿ ಅಕ್ಕಾ. ಗಂಡ ಕಡೀಕ ಕುಂತ ಜಾಗಾ," ಎಂದು ಬಾಳೇಶ ಕಣ್ಣೊರೆಸಿಕೊಂಡ.

ಅವಳ ಸೀರೆಯ ಅಂಚಿನಿಂದ ಕಂದು ನೀರು ತೊಟ್ಟಿಕ್ಕುತ್ತಲೇ ಇತ್ತು.