ಮಾತು ಬಿಟ್ಟವರ ಜೋಡಿ

ಚೀಟಿ ಎತ್ತಿದವರು ಕುಲಸಚಿವರೇ. "ಆರನೇ ಜೋಡಿ, ಪರೀಕ್ಷಾ ವಿಭಾಗದ ನಿರ್ಮಲಾ, ಪ್ರವೇಶ ವಿಭಾಗದ ಲಕ್ಷ್ಮಿ" ಎಂದು ಅವರು ಓದಿದಾಗ ವಿಶ್ವವಿದ್ಯಾಲಯದ ಅಂಗಳದಲ್ಲಿ ಸೇರಿದ್ದ ಇಪ್ಪತ್ನಾಲ್ಕು ನೌಕರರಲ್ಲಿ ಇಪ್ಪತ್ತೆರಡು ಜನ ಒಮ್ಮೆಲೆ ನೆಲ ನೋಡತೊಡಗಿದರು. ಕುಲಸಚಿವರು ಬಂದು ಎರಡು ತಿಂಗಳಾಗಿತ್ತಷ್ಟೇ, ಅವರಿಗೆ ಗೊತ್ತಿರಲಿಲ್ಲ. ಆ ಇಬ್ಬರೂ ಆರು ವರ್ಷದಿಂದ ಮಾತು ಬಿಟ್ಟವರು.

ನಮ್ಮ ಕಡೆ ಮಾತು ಬಿಡುವುದೆಂದರೆ ಸುಮ್ಮನೆ ಮೂತಿ ಊದಿಸಿಕೊಂಡು ಕೂರುವುದಲ್ಲ, ಅದಕ್ಕೂ ಒಂದು ಶಿಸ್ತಿದೆ. ಮುಖ ತಿರುಗಿಸಬೇಕು, ಆದರೆ ಕೆಲಸ ನಿಲ್ಲಬಾರದು. ಹೇಳಲೇಬೇಕಾದ್ದನ್ನು ಮೂರನೆಯವರಿಗೆ ಹೇಳಬೇಕು. ಕೇಳಬೇಕಾದವರು ಮಗ್ಗುಲಲ್ಲೇ ನಿಂತಿದ್ದರೂ ಮೂರನೆಯವರು ಅದನ್ನು ಮತ್ತೊಮ್ಮೆ ಒಪ್ಪಿಸಬೇಕು. ಯಾರೂ ಸಿಗದಿದ್ದರೆ ಕಪಾಟಿಗೋ ಗೋಡೆಗೋ ಹೇಳಿದರೂ ನಡೆಯುತ್ತದೆ. ಮೊದಲು ನೇರ ಬಾಯಿ ಬಿಟ್ಟವರು ಸೋತ ಹಾಗೆ. ಈ ವಿದ್ಯೆಯಲ್ಲಿ ಇಬ್ಬರೂ ಎಷ್ಟು ಪಳಗಿದ್ದರೆಂದರೆ, ಎರಡು ವಿಭಾಗಗಳ ನಡುವಿನ ಅರ್ಧ ವ್ಯವಹಾರ ಜವಾನ ಶಂಕರೆಪ್ಪನ ಬಾಯಲ್ಲೇ ಓಡಾಡುತ್ತಿತ್ತು. ಈಗ ಅವನೂ ಬೇರೆ ಜೋಡಿಯ ಪಾಲಾಗಿದ್ದ.

ಆಟ ಇಷ್ಟು. ಸಿಬ್ಬಂದಿಯಲ್ಲಿ ಒಗ್ಗಟ್ಟು ಬೆಳೆಸಬೇಕೆಂಬುದು ಕುಲಸಚಿವರ ಹುಕಿ. ಒಂದೊಂದು ಜೋಡಿಗೆ ಒಂದು ಲಕೋಟೆ, ಅದರಲ್ಲಿ ಆರು ಸುಳಿವು. ಸುಳಿವು ಬಿಡಿಸಿ, ವಿಜಯಪುರದೊಳಗೆ ಆ ಜಾಗ ಹುಡುಕಿ, ಅಲ್ಲಿ ಜೋಡಿಯಾಗಿ ಫೋಟೋ ತೆಗೆಸಿಕೊಂಡು ವಾಟ್ಸಾಪ್ ಗುಂಪಿಗೆ ಹಾಕಬೇಕು. ಮಧ್ಯಾಹ್ನ ಒಂದರೊಳಗೆ ವಾಪಸ್ಸು ಬರಬೇಕು. ಫೋಟೋದಲ್ಲಿ ಇಬ್ಬರೂ ನಗುತ್ತಿರಬೇಕು ಎಂಬುದು ಕೊನೆಯ ನಿಯಮ.

ಜೋಡಿಗೊಂದರಂತೆ ಆಟೋ ಗೊತ್ತು ಮಾಡಿದ್ದರು. ಆರನೆಯದರ ಹ್ಯಾಂಡಲ್ ಹಿಡಿದವಳು ದಾವಲಬಿ, ಐವತ್ತರ ಹೆಂಗಸು, ಕೇಳಬೇಕೆನಿಸಿದ್ದನ್ನು ಕೇಳಿಯೇ ಬಿಡುವವಳು. ನಿರ್ಮಲಾ ಬಲ ಅಂಚಿಗೆ, ಲಕ್ಷ್ಮಿ ಎಡ ಅಂಚಿಗೆ ಕುಳಿತರು. ನಡುವೆ ಇನ್ನೊಬ್ಬರು ಆರಾಮ ಕೂರುವಷ್ಟು ಜಾಗ.

"ಅಕ್ಕಾ, ಮೊದಲನೇದು ಬಾರಾ ಕಮಾನ್ ಅಂತ ಹೇಳ್ರಿ ಆಕಿಗೆ," ಎಂದಳು ನಿರ್ಮಲಾ.

"ಕಮಾನು ಎಣಸೋದು ಐತಂತ, ಪೆನ್ನು ತಗದಿಟ್ಕೋ ಅಂತ ಹೇಳ್ರಿ," ಎಂದಳು ಲಕ್ಷ್ಮಿ.

ದಾವಲಬಿ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿದಳು. "ಒಂದ ಸೀಟಿನ್ಯಾಗ ಕುಂತು ನನ್ನ ಬೆನ್ನಿಗೆ ಯಾಕ ಹೇಳ್ತೀರವ್ವಾ?" ಎಂದು ಕೇಳಿ, ಇಬ್ಬರೂ ಒಂದೊಂದು ಕಡೆ ಮುಖ ತಿರುಗಿಸಿದ್ದನ್ನು ಕಂಡು ಅರ್ಥ ಮಾಡಿಕೊಂಡಳು. ಅವಳೂ ಈ ಊರಿನವಳೇ ತಾನೆ.

ನಿರ್ಮಲಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಟಕ್ಕಾಗಿ ಅಲ್ಲ, ಆಟ ಹಾಳಾಗಿ ಹೋಗಲಿ. ಬೇರೆ ಇಲಾಖೆಯ ಪರೀಕ್ಷೆ ಪಾಸಾದ ಲಕ್ಷ್ಮಿ ಸೋಮವಾರ ಬೀದರಿನಲ್ಲಿ ಹೊಸ ಕೆಲಸಕ್ಕೆ ಹಾಜರಾಗುವವಳು. ಇವತ್ತು ಶನಿವಾರ. ಇವತ್ತು ಮಾತಾಡದಿದ್ದರೆ ಇನ್ನು ಈ ಜನ್ಮದಲ್ಲಿ ಮಾತಿಲ್ಲ ಎಂದು ಮೂರು ದಿನದಿಂದ ಅವಳಿಗೆ ಊಟ ಸೇರಿರಲಿಲ್ಲ. ಮಾತಾಡಲು ಅವಳು ತಯಾರಿದ್ದಳು, ಸೋಲಲೂ ತಯಾರಿದ್ದಳು. ತಪ್ಪಾಯಿತು ಎನ್ನೋಣವೆಂದರೆ, ಆಗಿದ್ದ ತಪ್ಪು ಯಾವುದೆಂಬುದೇ ಅವಳಿಗೆ ಇನ್ನೂ ತಿಳಿದಿರಲಿಲ್ಲ.

ನಡೆದದ್ದನ್ನು ಹೇಳಿಬಿಡುತ್ತೇನೆ. ಇಬ್ಬರೂ ತಿಕೋಟಾದವರು, ಒಂದೇ ಓಣಿ, ಇಬ್ಬರ ಅಪ್ಪಂದಿರೂ ಕುರಿ ಕಾಯ್ದವರು. ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಓದಿ ಒಂದೇ ವರ್ಷ ನೌಕರಿ ಹಿಡಿದರು. ಆರು ವರ್ಷದ ಹಿಂದೆ ಲಕ್ಷ್ಮಿಗೆ ಹೊರ್ತಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿ ಹೇಗೆ ಎಂದು ಗುಟ್ಟಾಗಿ ವಿಚಾರಿಸುವುದು ನಮ್ಮಲ್ಲಿ ರೂಢಿ. ಹುಡುಗನ ತಾಯಿ ಆಫೀಸಿಗೇ ಬಂದು ನಿರ್ಮಲಾಳನ್ನು ಕ್ಯಾಂಟೀನಿನ ಹಿಂದೆ ಕರೆದಳು. ನಿರ್ಮಲಾ ಗೆಳತಿಯನ್ನು ಬಾಯ್ತುಂಬ ಹೊಗಳಿದಳು. ಹೊಗಳುವ ಭರದಲ್ಲೇ, "ಹಾಸ್ಟೆಲಿನ್ಯಾಗ ಎರಡು ಸಲ ಫಿಟ್ಸ್ ಬಂದು ಬಿದ್ದಿದ್ಲರಿ, ಈಗ ಗುಳಿಗಿ ತಗೊಂಡು ಪೂರಾ ಆರಾಮ ಅದಾಳ, ಅಷ್ಟು ಗಟ್ಟಿ ಹುಡುಗಿ" ಎಂದಳು. ಸಂಬಂಧ ಮುರಿಯಲು ಒಂದು ವಾರವೂ ಹಿಡಿಯಲಿಲ್ಲ. ಲಕ್ಷ್ಮಿ ಮಾತು ಬಿಟ್ಟಳು. ನಾನೇನು ಸುಳ್ಳು ಹೇಳಿದೆನೇ ಎಂಬ ಬಿಗುವಿನಲ್ಲಿ ನಿರ್ಮಲಾಳೂ ಬಿಟ್ಟಳು.

ಬಾರಾ ಕಮಾನಿನಲ್ಲಿ ಇಬ್ಬರೂ ಬೇರೆ ಬೇರೆ ಎಣಿಸಿದರು, ಲೆಕ್ಕ ತಾಳೆಯಾಗಲಿಲ್ಲ, ದಾವಲಬಿ ಮೂರನೇ ಸಲ ಎಣಿಸಿ ತೀರ್ಪು ಕೊಟ್ಟಳು. ತಾಜ್ ಬಾವಡಿ ಎಂಬ ಹಳೆಯ ಬಾವಿಯ ಮೆಟ್ಟಿಲ ಮೇಲೆ ನಿಂತು ನಗುವ ಫೋಟೋ ಬರಲು ಒಂಬತ್ತು ಸಲ ಪ್ರಯತ್ನವಾಯಿತು. ಒಬ್ಬಳು ನಕ್ಕಾಗ ಇನ್ನೊಬ್ಬಳ ಮುಖ ಸಪ್ಪಗಾಗುತ್ತಿತ್ತು. ಜೋರಾಪುರ ಪೇಟೆ ಮುಗಿಯುವಷ್ಟರಲ್ಲಿ ಹನ್ನೊಂದೂವರೆ. ನಿರ್ಮಲಾಳ ಫೋನು ಸುಮ್ಮನಿರುತ್ತಿರಲಿಲ್ಲ. ಉಳಿದವರೆಲ್ಲ ಗೋಳಗುಮ್ಮಟದ ಮುಂದೆ ಹೆಗಲ ಮೇಲೆ ಕೈ ಹಾಕಿಕೊಂಡು, ಹಲ್ಲು ಬಿಟ್ಟುಕೊಂಡು ಗುಂಪಿನಲ್ಲಿ ಬಂದು ಬೀಳುತ್ತಿದ್ದರು. ಪ್ರತಿ ಸಲ ಫೋನು ಅಲುಗಿದಾಗಲೂ ಅವಳು ಈಗ ಲಕ್ಷ್ಮಿಯನ್ನು ಮಾತಾಡಿಸುತ್ತೇನೆ ಎಂದುಕೊಳ್ಳುತ್ತಿದ್ದಳು, ಮತ್ತೆ ಫೋನನ್ನೇ ನೋಡುತ್ತಿದ್ದಳು.

ಗಾಂಧಿ ಚೌಕದ ಫೋಟೋ ತೆಗೆಸಿಕೊಂಡು ಹೊರಟರೆ ಆಟೋ ಸಿಕ್ಕಿಹಾಕಿಕೊಂಡಿತು. ಮುಂದೆ ಈರುಳ್ಳಿ ಚೀಲದ ಗಾಡಿ, ಹಿಂದೆ ಹಾರ್ನು. ದಾವಲಬಿ ಎಂಜಿನ್ ಬಂದ್ ಮಾಡಿ ಹಿಂದಕ್ಕೆ ತಿರುಗಿದಳು. "ಈಗ ಹೇಳ್ರಿ, ಏನ್ ಜಗಳ ನಿಮ್ಮದು?"

ನಿರ್ಮಲಾ ತಡೆಯಲಾಗದೆ ಹೇಳಿದಳು. ದಾವಲಬಿಯ ಮುಖ ನೋಡಿಕೊಂಡು, ಎಡ ಅಂಚಿಗೆ ಕೇಳುವಂತೆ, ಎಲ್ಲವನ್ನೂ. ಕೊನೆಗೆ, "ನಾ ಖರೇನ ಹೇಳಿದ್ನಿ ಅಕ್ಕಾ. ಮುಚ್ಚಿಟ್ಟು ಲಗ್ನ ಆಗಿ ಆಮ್ಯಾಗ ಗೊತ್ತಾಗಿದ್ರ ಆಕಿಗೇ ತ್ರಾಸ ಆಗ್ತಿದ್ದಿಲ್ಲೇನು?" ಎಂದಳು.

ಲಕ್ಷ್ಮಿ ಈರುಳ್ಳಿ ಗಾಡಿಯನ್ನೇ ನೋಡುತ್ತಿದ್ದಳು. "ಅಕ್ಕಾ, ಆಕಿಗೆ ಹೇಳ್ರಿ. ನಾ ಏನೂ ಮುಚ್ಚಿಟ್ಟಿರಲಿಲ್ಲ. ಆ ಹುಡುಗಗ ಮೊದಲನೇ ಭೇಟಿಯಾಗ ನಾನ ಹೇಳಿದ್ನಿ. ಡಾಕ್ಟರ್ ಚೀಟಿ ಸುದ್ದಾ ತೋರಿಸಿದ್ನಿ. ಅವಾ ಒಪ್ಪಿದ್ದ. ಅವ್ವಗ ನಾ ನಿಧಾನಕ್ಕ ತಿಳಿಸಿ ಹೇಳ್ತೇನಿ, ಹದಿನೈದು ದಿನ ಕೊಡು ಅಂದಿದ್ದ. ಹದಿನೈದು ದಿನ ಆಗೂದ್ರಾಗ ಅವರವ್ವಗ ಕ್ಯಾಂಟೀನಿನ ಹಿಂದ ಗೊತ್ತಾತು."

ದಾವಲಬಿ ಒಪ್ಪಿಸಲಿಲ್ಲ, ಒಪ್ಪಿಸುವ ಅಗತ್ಯವಿರಲಿಲ್ಲ. ನಿರ್ಮಲಾ ಮತ್ತೆ ದಾವಲಬಿಯನ್ನೇ ನೋಡುತ್ತ, "ಮತ್ತ ನನಗ್ಯಾಕ ಹೇಳಲಿಲ್ಲಂತ ಕೇಳ್ರಿ ಅಕ್ಕಾ," ಎಂದಳು.

"ಹೊರ್ತಿಯವರು ಆಕೀನ್ನ ಕೇಳಿದ್ರು, ಆಕಿ ಹೇಳಿದ್ಲು. ನನ್ನ ಯಾರು ಕೇಳಿದ್ರು ಅಂತ ಕೇಳ್ರಿ," ಎಂದಳು ಲಕ್ಷ್ಮಿ.

ಗಾಡಿ ಸರಿಯಿತು, ಆಟೋ ಹೊರಟಿತು. ಈಗ ತಪ್ಪು ಯಾವುದೆಂದು ನಿರ್ಮಲಾಳಿಗೆ ಗೊತ್ತಾಗಿತ್ತು, ಅದರಿಂದ ಹಗುರಾಗುವ ಬದಲು ಎದೆ ಇನ್ನಷ್ಟು ಭಾರವಾಯಿತು. ಕಮಾನಿನ ಲೆಕ್ಕವನ್ನು ದಾವಲಬಿಯ ಬೆನ್ನಿನ ಮೂಲಕ ಕಳಿಸಬಹುದು. ತಪ್ಪಾಯಿತು ಎಂಬುದನ್ನು ಹಾಗೆ ಕಳಿಸಲು ಬರುವುದಿಲ್ಲ. ನೇರ ಹೇಳಬೇಕೆಂದು ಎರಡು ಸಲ ಎಡಕ್ಕೆ ತಿರುಗಿದಳು, ಎರಡು ಸಲವೂ ಲಕ್ಷ್ಮಿಯ ಬಿಗಿದ ದವಡೆ ನೋಡಿ ಮತ್ತೆ ರಸ್ತೆಯತ್ತ ಮುಖ ಮಾಡಿದಳು. ಐದನೇ ಜಾಗಕ್ಕೆ ಹೋದದ್ದು, ಅಲ್ಲಿ ನಕ್ಕದ್ದು ಒಂದೂ ಅವಳಿಗೆ ನೆನಪಿಲ್ಲ.

ಕೊನೆಯ ಸುಳಿವು, "ಕುರಿ ಕೊಟ್ಟದ್ದನ್ನು ಹೊದ್ದುಕೊಂಡು ನಿಲ್ಲಿರಿ" ಎಂದಿತ್ತು. ಇಬ್ಬರೂ ಒಟ್ಟಿಗೆ, "ಇಬ್ರಾಹಿಂಪುರ ಅಕ್ಕಾ, ಮಲಕವ್ವನ ಮನಿ," ಎಂದರು. ರೈಲು ಹಳಿಯ ಬದಿಯಲ್ಲಿ ಕಂಬಳಿ ಮಾರುವ ಮಲಕವ್ವನ ಹತ್ತಿರ ಕಂಬಳಿ ಕೊಳ್ಳದ ಕುರಿಗಾರರು ತಿಕೋಟಾದಲ್ಲಿಲ್ಲ.

ಮಲಕವ್ವ ಬಬಲೇಶ್ವರದ ತವರಿನವಳು, ಎಪ್ಪತ್ತು ದಾಟಿದವಳು, ಕಿವಿ ಸ್ವಲ್ಪ ಮಂದ. ಒಂದೇ ಕಂಬಳಿಯೊಳಗೆ ಇಬ್ಬರನ್ನೂ ನಿಲ್ಲಿಸಿ ದಾವಲಬಿ ಫೋಟೋ ತೆಗೆದಳು. ಹನ್ನೆರಡೂ ಇಪ್ಪತ್ತೈದು. ಈಗ ಹೊರಟರೆ ಗೆಲ್ಲಬಹುದಿತ್ತು. ಆದರೆ ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವವಳಲ್ಲ ಮಲಕವ್ವ. "ನೀ ಒಳಗ ಬಾ, ಕಪ್ಪು ಹಿಡಿ," ಎಂದು ನಿರ್ಮಲಾಳನ್ನು ಅಡುಗೆಮನೆಗೆ ಕರೆದಳು. ಲಕ್ಷ್ಮಿ ಹೊರಗೆ ಕಂಬಳಿ ಮಡಚುತ್ತಿದ್ದಳು. ನಡುವೆ ಒಂದು ಪರದೆ ಮಾತ್ರ.

"ಆ ಹುಡುಗೀದು ಲಗ್ನ ಆಗಿಲ್ಲೇನು ಬೇ?" ಮಲಕವ್ವ ಪಿಸುಗುಟ್ಟಿದಳು. ಕಿವಿ ಮಂದವಿದ್ದವರ ಪಿಸುಮಾತು ಅರ್ಧ ಓಣಿಗೆ ಕೇಳುತ್ತದೆ.

"ಇಲ್ರಿ."

"ಬಬಲೇಶ್ವರದಾಗ ನನ್ನ ತಮ್ಮನ ಮಗ ಅದಾನ, ಅಮೋಘಸಿದ್ದ. ಸಾಲಿ ಮಾಸ್ತರ. ಅವಂದೂ ಕೂಡಿ ಬಂದಿಲ್ಲ. ನೀ ಗೆಳತಿ ಇದ್ದೀ, ಖರೇ ಹೇಳು. ಆಕಿ ಯಾಕ ಹಂಗ ಉಳದಾಳ? ಏನರ ಐತೇನು?"

ಹೊರಗೆ ಕಂಬಳಿ ಕೊಡವುವ ಸದ್ದು ನಿಂತಿತು.

ನಿರ್ಮಲಾ ಕಪ್ಪುಗಳನ್ನು ಕೆಳಗಿಟ್ಟಳು. ಏನೂ ಇಲ್ಲ ಎಂದು ಸುಳ್ಳು ಹೇಳಿ ಹಳೆಯ ಋಣ ತೀರಿಸೋಣ ಎನ್ನಿಸಿತು. ಆಕೆ ಬಂಗಾರದಂಥವಳು ಎಂದು ಶುರುಮಾಡಲು ನಾಲಿಗೆ ತುದಿಗೆ ಬಂದಿತ್ತು. ಆವತ್ತೂ ಅದು ಹೀಗೆಯೇ ಶುರುವಾಗಿತ್ತು.

"ನನ್ನ ಕೇಳಬ್ಯಾಡ್ರಿ," ಎಂದಳು. "ಆಕಿ ಹೊರಗ ಅದಾಳ. ಆಕೀನ್ನ ಕೇಳ್ರಿ."

"ಹುಡುಗೀನ್ನ ಹೆಂಗ ಕೇಳಾಕ ಬರತೈತಿ? ಪದ್ಧತಿ ಇಲ್ಲ ಬೇ."

"ಪದ್ಧತಿ ಇಲ್ಲ, ಖರೆ. ಆದ್ರೂ ಆಕೀನ್ನ ಕೇಳ್ರಿ. ಆಕಿ ಮಾತು ಆಡಾಕ ನಾ ಯಾರು?"

ಪರದೆ ಸರಿಸಿ ಲಕ್ಷ್ಮಿ ಒಳಗೆ ಬಂದಳು. ಮಡಚಿದ ಕಂಬಳಿಯನ್ನು ಮೂಲೆಗಿಟ್ಟು ಮಲಕವ್ವನ ಎದುರಿಗೇ ಕುಳಿತಳು. "ನನಗ ಹಾಸ್ಟೆಲಿನ್ಯಾಗ ಎರಡು ಸಲ ಫಿಟ್ಸ್ ಬಂದಿತ್ತು ಅಮ್ಮಾ. ಗುಳಿಗಿ ತಗೋತೇನಿ. ಹನ್ನೆರಡು ವರ್ಷದಾಗ ಮತ್ತ ಬಂದಿಲ್ಲ. ಸೋಮವಾರ ಬೀದರಿಗೆ ನೌಕರಿಗೆ ಹೊಂಟೇನಿ. ಇನ್ನ ನಿಮ್ಮ ಅಮೋಘಸಿದ್ದಂದು ಹೇಳ್ರಿ. ಮಾಸ್ತರ ಇದ್ದೂ ಅವಾ ಯಾಕ ಹಂಗ ಉಳದಾನ? ಏನರ ಐತೇನು?"

ಹುಡುಗನ ಬಗ್ಗೆ ಈ ಪ್ರಶ್ನೆಯನ್ನು ಎಪ್ಪತ್ತು ವರ್ಷದಲ್ಲಿ ಮಲಕವ್ವ ಕೇಳಿಸಿಕೊಂಡಿರಲಿಲ್ಲ. ಅಷ್ಟರಲ್ಲಿ ಚಹಾ ಉಕ್ಕಿ ಒಲೆಯ ಮೇಲೆ ಹರಿಯಿತು. ಆಮೇಲೆ ಅವಳು ಅಮೋಘಸಿದ್ದನ ಸಿಟ್ಟು, ತಂಬಾಕು, ಎರಡು ಸಂಬಂಧ ಅವನೇ ಒಲ್ಲೆ ಎಂದದ್ದು ಎಲ್ಲ ಹೇಳಿದಳು. ಲಕ್ಷ್ಮಿ ಚಹಾ ಕುಡಿಯುತ್ತ ಕೇಳಿದಳು, ನಡುವೆ ಒಮ್ಮೆ ನಕ್ಕಳು ಕೂಡ.

ಆಟೋ ಹತ್ತುವಾಗ ಹನ್ನೆರಡೂ ಐವತ್ತು. ಶಂಕರೆಪ್ಪನ ಜೋಡಿ ಗೆದ್ದಾಗಿತ್ತು, ಗುಂಪಿನಲ್ಲಿ ಚಪ್ಪಾಳೆಗಳು ಬಂದು ಬೀಳುತ್ತಿದ್ದವು. ನಿರ್ಮಲಾ ಫೋನು ಬ್ಯಾಗಿಗೆ ಹಾಕಿದಳು.

"ಆವತ್ತ 'ಆಕೀನ್ನ ಕೇಳ್ರಿ' ಅಂತ ಇಷ್ಟ ಮಾತು ಹೇಳಾಕ ನಿನಗೇನಾಗಿತ್ತು?"

ದಾವಲಬಿ ಇದನ್ನು ಒಪ್ಪಿಸಲಿ ಎಂದು ನಿರ್ಮಲಾ ರೂಢಿಯಂತೆ ಕಾದಳು. ದಾವಲಬಿ ರಸ್ತೆ ನೋಡುತ್ತಿದ್ದಳು. ಆಗ ತಿಳಿಯಿತು, ಮಾತು ನೇರ ತನಗೇ ಬಂದಿದೆ. ಎಡಕ್ಕೆ ತಿರುಗಿದರೆ ಲಕ್ಷ್ಮಿ ಅವಳನ್ನೇ ನೋಡುತ್ತಿದ್ದಳು, ಕಣ್ಣಲ್ಲಿ ಆರು ವರ್ಷದ ಸಿಟ್ಟು ಹಾಗೇ ಇತ್ತು. ನಿರ್ಮಲಾ ನೇರ ಅವಳಿಗೇ ಹೇಳಿದಳು.

"ತಪ್ಪಾತು ಲಕ್ಷ್ಮೀ."

"ಹೌದು, ತಪ್ಪಾತು," ಎಂದಳು ಲಕ್ಷ್ಮಿ. ಮುಖ ಮಾತ್ರ ತಿರುಗಿಸಲಿಲ್ಲ.