ನಿಲ್ಲದ ಸೋಬಾನೆ

ಅಕ್ಕನ ಮದುವೆಗೆ ಅರಿಶಿನ ಕುಟ್ಟುತ್ತಾ ಅಜ್ಜಿ ಸೋಬಾನೆ ಹಾಡುತ್ತಿದ್ದರು. ಬಾಗಲೂರಿನ ನಮ್ಮ ನಡುಮನೆಯಲ್ಲಿ ಹೊಸ ಕಂಪ್ಯೂಟರ್ ಇಟ್ಟುಕೊಂಡು ನಾನು ರೆಕಾರ್ಡ್ ಮಾಡುತ್ತಿದ್ದೆ. ಕೊನೆಯ ಪದ ಮುಗಿಯಿತು. ಅಷ್ಟರಲ್ಲಿ ಅಜ್ಜಿಯ ಮಗ ಸುಬ್ರಮಣಿ ಮಾವ ಬಂದರು. ಉರಿಯುವುದನ್ನೆಲ್ಲ ಆರಿಸುವುದು ಅವರ ಚಟ. ಪರದೆಯ ಮೂಲೆಯ ಕೆಂಪು ಗುಂಡಿ ಒತ್ತಿಯೇಬಿಟ್ಟರು. ವಿಂಡೋ ಮಾಯ!

"ಅಯ್ಯೋ ಮಾವ, ಎಲ್ಲಾ ಹೋಯ್ತು!" ಎಂದು ಕಿರುಚಿದೆ. ಒಮ್ಮೆ ಹಾಡಿದ ಸೋಬಾನೆಯನ್ನು ಅದೇ ಮದುವೆಗೆ ಮತ್ತೆ ಹಾಡುವುದು ನಮ್ಮ ಮನೆಯಲ್ಲಿ ಸಲ್ಲದು.

ಅಜ್ಜಿ ಒನಕೆ ಬಿಟ್ಟು ಎದ್ದರು. "ನಿನ್ ಕೈ ಸುಮ್ಕಿರಾಕಿಲ್ವೇನ್ಲಾ? ನಿನ್ ಮದ್ವೇಲೂ ಇಂಗೇ, ಓಲಗದೋರು ಊದ್ತಿರೋವಾಗ್ಲೇ ಲೈಟ್ ಆಫ್ ಮಾಡಿದ್ದೆ!"

ಆಗ ನನ್ನ ಕಣ್ಣಿಗೆ ಬಿತ್ತು: ಪರದೆಯ ಕೆಳಸಾಲಿನ ಮೈಕ್ ಚಿತ್ರದಡಿ ಆಪ್ ತೆರೆದಿದೆ ಎಂದು ತೋರಿಸುವ ಪುಟ್ಟ ಚುಕ್ಕೆ ಇನ್ನೂ ಇತ್ತು. ಮಾವ ಮುಚ್ಚಿದ್ದು ವಿಂಡೋ ಮಾತ್ರ, ಆಪ್ ನಿಂತಿರಲಿಲ್ಲ. ಚಿತ್ರ ಒತ್ತಿದರೆ ರೆಕಾರ್ಡಿಂಗ್ ಓಡುತ್ತಲೇ ಇದೆ! ಹೋದ ಜೀವ ಬಂದಂತಾಯಿತು.

ಎಲ್ಲರೂ ಕೂತು ಕೇಳಿದೆವು. ಹಾಡಿನ ಬೆನ್ನಿಗೇ ಬೈಗುಳವೂ ಬಂತು.

"ಬೈದಿದ್ದು ಕಟ್ ಮಾಡ್ತೀನಜ್ಜಿ," ಎಂದೆ.

"ಬ್ಯಾಡ, ಇರ್ಲಿ ಬುಡು," ಎಂದರು ಅಜ್ಜಿ. "ಸೋದರಮಾವನ್ನ ಬೈದೇ ಇದ್ರೆ ಅದ್ಯಾವ್ ಸೋಬಾನೆ?"